ಕೊಂದವನ ಬದುಕನ್ನು ಮಕ್ಕಳಿಗೆ ಹೇಳಬೇಕೇ?

ಮೈಸೂರಿನ ಸರಸ್ವತಿಪುರಂನಲ್ಲಿ ತಿಂಗಳಿಗೊಂದು ಭಾನುವಾರ ನಾವು ಹತ್ತು ಹದಿನೈದು ಜನ ಸೇರಿ ಓದುತ್ತೇವೆ, ಮಾತಾಡುತ್ತೇವೆ. ಜನವರಿ 30 ಹತ್ತಿರ ಬಂದಾಗ ಒಂದು ಪ್ರಶ್ನೆ ಎದ್ದಿತು. ಗಾಂಧಿಯನ್ನು ಕೊಂದವನ ಬದುಕನ್ನು, ಅವನ ಮನಸ್ಸನ್ನು ಹೈಸ್ಕೂಲ್ ಮಕ್ಕಳ ಮುಂದೆ ಬಿಡಿಸಿ ಹೇಳಬೇಕಾ? ಹೇಳಲೇಬೇಕು ಎಂದವರು ಮಂಡ್ಯದಿಂದ ರೈಲಿನಲ್ಲಿ ಬರುವ ನಿವೃತ್ತ ಚರಿತ್ರೆ ಮೇಷ್ಟ್ರು. ಬೇಡವೇ ಬೇಡ ಎಂದವರು ಮೈಸೂರಿನಲ್ಲಿ ಕನ್ನಡ ಪಾಠ ಮಾಡುವ ಅವರದೇ ಹಳೆಯ ವಿದ್ಯಾರ್ಥಿನಿ. ಮಾತು ಅಂದು ಮುಗಿಯಲಿಲ್ಲ. ಇಬ್ಬರೂ ಬರೆದು ಕೊಟ್ಟಿದ್ದಾರೆ.

ಪರ: ಹುಚ್ಚನ ಕೈಗೆ ಪಿಸ್ತೂಲು ಕೊಟ್ಟೋರು ಯಾರು ಸಾ?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು ನಾನು. ಮೊದಲ ಕೆಲವು ವರ್ಷ ಒಂದು ತಪ್ಪು ಮಾಡಿದೆ. ಗಾಂಧಿ ಪಾಠ ಕೊನೆಗೆ ಬಂದಾಗ, ಯಾರೋ ತಲೆಕೆಟ್ಟವನು ಗುಂಡು ಹೊಡೆದ ಎಂದು ಹೇಳಿ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಹಾಗೆ ಹೇಳುವುದು ಸುಲಭ. ಯಾರ ಮನೆಯಿಂದಲೂ ತಕರಾರು ಬರುವುದಿಲ್ಲ.

ಆಗ ನಾನಿದ್ದದ್ದು ಮಳವಳ್ಳಿ ತಾಲ್ಲೂಕಿನ ಒಂದು ಶಾಲೆಯಲ್ಲಿ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಅದು ದೂರದ ಸುದ್ದಿ ಅಂದುಕೊಂಡಿದ್ದೆವು. ಆಗಸ್ಟ್ ಹೊತ್ತಿಗೆ ಅದು ನಮ್ಮ ಮುತ್ತತ್ತಿಗೇ ಬಂತು. ಕಾವೇರಿ ದಡದ ಆ ಕಾಡಿನ ಊರು, ನಾವು ಆಂಜನೇಯನಿಗೆ ಹರಕೆ ತೀರಿಸಲು ಹೋಗುವ ಊರು. ಅಲ್ಲಿ ಅಡಗಿದ್ದ, ಶ್ರೀಲಂಕಾದ ತಮಿಳು ಉಗ್ರರ ಗುಂಪು ಎಲ್‌ಟಿಟಿಇಯ ಹುಡುಗರನ್ನು ಪೊಲೀಸರು ಸುತ್ತುವರಿದಾಗ ಹಲವರು ಸಯನೈಡ್ ಕಚ್ಚಿ ಸತ್ತರು. ಅದಾದ ಎರಡು ಮೂರು ದಿನಕ್ಕೆ, ಆಗಸ್ಟ್ 20ರ ಹೊತ್ತಿಗೆ, ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಅವನ ಜತೆಯವರ ಹೆಣ ಸಿಕ್ಕಿತು. ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ವಾರಗಟ್ಟಲೆ ಅದೇ ಮಾತು. ಎಲ್ಲರಿಗೂ ಜಾಸ್ತಿ ದಿಗಿಲು ಹುಟ್ಟಿಸಿದ್ದು ಒಂದೇ ವಿಷಯ. ಆ ಹುಡುಗರು ನೋಡುವುದಕ್ಕೆ ನಮ್ಮ ಹುಡುಗರ ಹಾಗೇ ಇದ್ದರಂತೆ.

ಮುಂದಿನ ವರ್ಷ ನಾನು ಮತ್ತೆ ಗಾಂಧಿ ಪಾಠ ಮುಗಿಸಿದೆ. ತಲೆಕೆಟ್ಟವನು ಅಂದೆ. ನದಿ ಕಡೆಯ ಊರಿನಿಂದ ಬರುತ್ತಿದ್ದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಎದ್ದು ನಿಂತ. "ಹುಚ್ಚನ ಕೈಗೆ ಪಿಸ್ತೂಲು ಕೊಟ್ಟೋರು ಯಾರು ಸಾ?" ಎಂದ.

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ, ಕೂತ್ಕೋ ಅಂದೆ. ಆ ನಾಳೆ ಬರಲು ಎರಡು ವರ್ಷ ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. ಅಷ್ಟರಲ್ಲಿ ಆ ಹುಡುಗ ಹತ್ತನೇ ಕ್ಲಾಸು ಮುಗಿಸಿ ಹೊರಟುಹೋಗಿದ್ದ.

ಓದುತ್ತಾ ಹೋದ ಹಾಗೆ ನನ್ನ ತಲೆಕೆಟ್ಟವನು ಮಾಯವಾದ. ನಾಥೂರಾಮ್ ಗೋಡ್ಸೆ 1910ರಲ್ಲಿ ಬಾರಾಮತಿಯಲ್ಲಿ ಹುಟ್ಟಿದವನು. ಅಪ್ಪ ಅಂಚೆ ಇಲಾಖೆಯ ನೌಕರ. ಮಗ ಮೆಟ್ರಿಕ್ ಪಾಸಾಗಲಿಲ್ಲ. ಬಟ್ಟೆ ಹೊಲಿದ. ಆಮೇಲೆ ಪುಣೆಯಲ್ಲಿ ನಾರಾಯಣ ಆಪ್ಟೆ ಜತೆ ಪತ್ರಿಕೆ ನಡೆಸಿದ, ತಾನೇ ಸಂಪಾದಕನಾಗಿದ್ದ. 1948ರ ಜನವರಿ ಮಧ್ಯದಲ್ಲಿ, ದಿಲ್ಲಿಗೆ ಹೊರಡುವ ಮೊದಲು, ತನ್ನ ಜೀವವಿಮೆ ಪಾಲಿಸಿಗಳಿಗೆ ಆಪ್ಟೆಯ ಹೆಂಡತಿಯನ್ನೂ ತನ್ನ ತಮ್ಮನ ಹೆಂಡತಿಯನ್ನೂ ನಾಮಿನಿ ಮಾಡಿದ. ಹುಚ್ಚನಾದವನು ವಿಮೆ ಕಾಗದ ಸರಿಮಾಡಿಟ್ಟು ಹೊರಡುತ್ತಾನಾ? ಜನವರಿ 20ರಂದು, ದಿಲ್ಲಿಯಲ್ಲಿ ಗಾಂಧಿ ಉಳಿದಿದ್ದ ಬಿರ್ಲಾ ಹೌಸಿನಲ್ಲಿ ಮೊದಲ ಪ್ರಯತ್ನ. ಮದನ್‌ಲಾಲ್ ಪಹ್ವಾ ಬಾಂಬ್ ಸಿಡಿಸಿ ಸಿಕ್ಕಿಬಿದ್ದ, ಉಳಿದವರು ಓಡಿಹೋದರು. ಗೋಡ್ಸೆ, ಆಪ್ಟೆ ಹೆದರಿ ಸುಮ್ಮನಾಗಲಿಲ್ಲ. ಗ್ವಾಲಿಯರ್‌ಗೆ ಹೋಗಿ ಇಟಲಿಯ ಬೆರೆಟಾ ಪಿಸ್ತೂಲು ಹೊಂದಿಸಿಕೊಂಡು ಹತ್ತೇ ದಿನದಲ್ಲಿ ಮತ್ತೆ ಬಂದರು. ಪಿಸ್ತೂಲು ಕೈಯಿಂದ ಕೈಗೆ ಬಂದಿತ್ತು. ನನ್ನ ಹುಡುಗ ಕೇಳಿದ ಪ್ರಶ್ನೆಗೆ ಉತ್ತರವಿತ್ತು. ನಾನು ಹುಡುಕಿರಲಿಲ್ಲ, ಅಷ್ಟೆ.

ಇಲ್ಲಿ ಒಂದು ಎಚ್ಚರ ನನಗೂ ಇದೆ. ಗೋಡ್ಸೆಯ ಬಾಲ್ಯದ ಬಗ್ಗೆ ಒಂದು ಕಥೆ ಎಲ್ಲರಿಗೂ ಇಷ್ಟ. ಅವನಿಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ಸತ್ತಿದ್ದವು. ಇವನು ಉಳಿಯಲಿ ಎಂದು ಮೂಗು ಚುಚ್ಚಿಸಿ, ನತ್ತು ಹಾಕಿ, ಹೆಣ್ಣುಮಗುವಿನಂತೆ ಬೆಳೆಸಿದರು. ನತ್ತಿನಿಂದಲೇ ನಾಥೂರಾಮ್ ಎಂಬ ಹೆಸರು ಬಂತು. ಅಲ್ಲೇ ಅವನ ಮನಸ್ಸು ತಿರುಚಿಕೊಂಡಿತು ಎಂದು ಎಷ್ಟೋ ಜನ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಮಂಡ್ಯ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆ ಮೇಲೆ ಉರುಳಿಸಿ ತಿಪ್ಪಯ್ಯ ಅಂತಲೋ, ಗುಂಡ ಅಂತಲೋ ಹೆಸರಿಡುತ್ತಿದ್ದರು. ಮೂಗು ಚುಚ್ಚಿಸುವುದೂ ಇತ್ತು. ನನ್ನ ಹಳೆಯ ಹಾಜರಿ ಪುಸ್ತಕದಲ್ಲಿ ಅಂಥ ಹೆಸರು ಎಷ್ಟು ಬೇಕು? ಅವರೆಲ್ಲ ಗದ್ದೆ ಉತ್ತರು, ಬಸ್ಸು ಓಡಿಸಿದರು, ಮಕ್ಕಳನ್ನು ಓದಿಸಿದರು. ನತ್ತು ಯಾರನ್ನೂ ಕೊಲೆಗಾರನನ್ನಾಗಿ ಮಾಡುವುದಿಲ್ಲ. ಹಂತಕನ ಬದುಕನ್ನು ಪೂರ್ತಿ ಓದಬೇಕು ಎಂದು ನಾನು ಹೇಳುವುದು ಇದಕ್ಕೇ. ಅರ್ಧ ಓದಿದವರಿಗೆ ನತ್ತು ಕಾಣಿಸುತ್ತದೆ. ಪೂರ್ತಿ ಓದಿದವರಿಗೆ ಪತ್ರಿಕೆ, ಗೆಳೆಯರ ಗುಂಪು, ದುಡ್ಡು ಕೊಟ್ಟವರು, ರೈಲು ಟಿಕೆಟ್ಟು, ಪಿಸ್ತೂಲು ಕಾಣಿಸುತ್ತವೆ.

ಹುಚ್ಚ ಎಂದು ಬರೆದು ಕಡತ ಮುಚ್ಚಿದರೆ ಯಾರಿಗೆ ಲಾಭ ಅಂತಲೂ ನೋಡಬೇಕು. 1966ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಪ್ರಧಾನಿ ವೆರ್‌ವುರ್ಡ್‌ನನ್ನು ಸಂಸತ್ತಿನೊಳಗೇ ಇರಿದು ಕೊಂದ ಸಫೆಂಡಾಸ್, ಅಲ್ಲಿಯ ಒಬ್ಬ ಸಂದೇಶವಾಹಕ. ಹೊಟ್ಟೆಯಲ್ಲಿ ಲಾಡಿಹುಳ ಇದೆ, ಅದೇ ಹೇಳುತ್ತದೆ ಎನ್ನುವವನು ಎಂದು ತೀರ್ಮಾನಿಸಿ ಅವನನ್ನು ಬುದ್ಧಿಭ್ರಮಣೆಯವನು ಅಂದರು. ವರ್ಣಭೇದದ ಸರ್ಕಾರಕ್ಕೆ ಅದು ಅನುಕೂಲವೇ ಆಯಿತು. ಅವನಿಗೆ ಆ ಆಡಳಿತದ ಮೇಲೆ ಎಷ್ಟು ಸಿಟ್ಟಿತ್ತು ಎನ್ನುವ ಮಾತು ಹುಳದ ಕಥೆಯಡಿ ಹೂತುಹೋಯಿತು.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಒಂದು ಅಧ್ಯಯನ ಮಾಡಿಸಿತು. ರಾಬರ್ಟ್ ಫೈನ್ ಮತ್ತು ಬ್ರಯಾನ್ ವೊಸೆಕ್ವಿಲ್ ಎಂಬಿಬ್ಬರು ಅದನ್ನು ನಡೆಸಿದರು. 1949ರಿಂದ 1996ರವರೆಗೆ ಆ ದೇಶದ ದೊಡ್ಡ ವ್ಯಕ್ತಿಗಳ ಮೇಲೆ ದಾಳಿ ಮಾಡಿದ, ಇಲ್ಲವೇ ಮಾಡಲು ಹತ್ತಿರ ಹೋದ 83 ಜನರ ಬದುಕನ್ನು ಬಿಡಿಸಿ ನೋಡಿದರು. ಕೆಲವರನ್ನು ಜೈಲಿನಲ್ಲೇ ಕೂತು ಮಾತಾಡಿಸಿದರು. ಹಂತಕ ಅಂದರೆ ಹೀಗೇ ಇರುತ್ತಾನೆ ಎನ್ನುವ ಒಂದು ಮುಖ ಅವರಿಗೆ ಸಿಗಲಿಲ್ಲ. ತಾವು ಯಾರನ್ನು ಕೊಲ್ಲಬೇಕೆಂದಿದ್ದರೋ ಅವರಿಗೇ ಮೊದಲು ನೇರ ಬೆದರಿಕೆ ಹಾಕಿದವರು ತೀರಾ ಕಡಿಮೆ. ಆದರೆ ಅವರಲ್ಲಿ ಎಷ್ಟೋ ಜನ ಬೇರೆ ಯಾರಿಗಾದರೂ ಹೇಳಿದ್ದರು, ಇಲ್ಲವೇ ಬರೆದಿಟ್ಟಿದ್ದರು. ಗೆಳೆಯನಿಗೆ, ಮನೆಯವರಿಗೆ, ಜತೆ ಕೆಲಸದವರಿಗೆ. ಅಂದರೆ ಗುಂಡು ಹಾರುವ ಮೊದಲು ಮಾತು ಒಂದು ಕಿವಿಗೆ ಬಿದ್ದಿರುತ್ತದೆ.

ಇದನ್ನು ಓದಿದ ದಿನ ನನಗೆ ಮೈ ಝುಂ ಅಂತು. ಯಾಕೆಂದರೆ ಗಾಂಧಿ ವಿಷಯದಲ್ಲಿ ಆಗಿದ್ದೂ ಅದೇ. ಮುಂಬೈಯಲ್ಲಿ ಜಗದೀಶಚಂದ್ರ ಜೈನ್ ಎಂಬ ಕಾಲೇಜು ಪ್ರೊಫೆಸರ್ ಇದ್ದರು. ಪಂಜಾಬಿನಿಂದ ನಿರಾಶ್ರಿತನಾಗಿ ಬಂದಿದ್ದ ಮದನ್‌ಲಾಲ್‌ನನ್ನು ಕಂಡು ಮರುಗಿ, ತಮ್ಮ ಪುಸ್ತಕ ಮಾರುವ ಕೆಲಸ ಕೊಟ್ಟಿದ್ದರು. ಜನವರಿಯಲ್ಲಿ ಆ ಹುಡುಗ ಅವರ ಮುಂದೆ ಗಾಂಧಿಯನ್ನು ಕೊಲ್ಲುವ ಸಂಚಿನ ಮಾತಾಡಿದ. ನೊಂದ ಹುಡುಗನ ಆವೇಶ ಅಂದುಕೊಂಡರು ಜೈನ್. ಬುದ್ಧಿ ಹೇಳಿದರು. 20ರಂದು ಬಾಂಬ್ ಸಿಡಿದ ಸುದ್ದಿಯಲ್ಲಿ ಅದೇ ಹೆಸರು ನೋಡಿ ಎದೆ ಒಡೆದುಕೊಂಡು ಓಡಿದರು. ಮುಂಬೈ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥ ಬಿ.ಜಿ. ಖೇರ್, ಗೃಹ ಸಚಿವ ಮೊರಾರ್ಜಿ ದೇಸಾಯಿ ಇಬ್ಬರಿಗೂ ಹೇಳಿದರು. ಇನ್ನೂ ಒಂಬತ್ತು ದಿನ ಇತ್ತು. ಒಂಬತ್ತು ದಿನ! ದಿಲ್ಲಿ ಪೊಲೀಸರ ಕೈಯಲ್ಲಿ ಮದನ್‌ಲಾಲ್ ಇದ್ದ, ಮುಂಬೈಯವರ ಕೈಯಲ್ಲಿ ಜೈನ್ ಹೇಳಿದ ಮಾತಿತ್ತು. ಎರಡೂ ಕೂಡಲಿಲ್ಲ.

ಇನ್ನೊಂದು ಇದೆ. 1964ರಲ್ಲಿ ನಾಥೂರಾಮನ ತಮ್ಮ, ಇದೇ ಕೇಸಿನಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ ಜೈಲಿನಿಂದ ಬಿಡುಗಡೆಯಾದಾಗ ಪುಣೆಯಲ್ಲಿ ಒಂದು ಸಮಾರಂಭ ನಡೆಯಿತು. ಅಲ್ಲಿ ತಿಲಕರ ಮೊಮ್ಮಗ ಕೇತ್ಕರ್, ಈ ಉದ್ದೇಶ ತನಗೆ ಮೊದಲೇ ಗೊತ್ತಿತ್ತು ಎಂದು ಹೇಳಿಬಿಟ್ಟರು. ದೇಶವೇ ಬೆಚ್ಚಿತು. ಅದರಿಂದಲೇ ತನಿಖಾ ಆಯೋಗ ಬಂತು, ನ್ಯಾಯಮೂರ್ತಿ ಕಪೂರ್ 1969ರಲ್ಲಿ ವರದಿ ಕೊಟ್ಟರು. ಕೇಳಿಸಿಕೊಂಡು ಸುಮ್ಮನಿದ್ದ ಕಿವಿಗಳು ಎಷ್ಟು!

ನಮ್ಮ ಮಕ್ಕಳಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ನಿನ್ನ ಗೆಳೆಯ ಒಂದು ದಿನ "ಅವನನ್ನ ಮುಗಿಸಿಬಿಡಬೇಕು ಕಣೋ" ಅಂದಾಗ ಆ ಮಾತಿನ ತೂಕ ನಿನಗೆ ಗೊತ್ತಾಗಬೇಕು. ಬರೀ ಗಾಂಧಿ ಮಹಾತ್ಮ ಎಂದು ಪಾಠ ಒಪ್ಪಿಸಿದರೆ ಅದು ಬರುವುದಿಲ್ಲ. ಒಬ್ಬ ಮಾಮೂಲಿ ಮನುಷ್ಯ ಹೆಜ್ಜೆ ಹೆಜ್ಜೆಯಾಗಿ ಹೇಗೆ ಅಲ್ಲಿಗೆ ಹೋದ ಎಂದು ತೋರಿಸಿದರೆ ಬರುತ್ತದೆ.

ಕೆಲವು ಸಲ ಆ ಹೆಜ್ಜೆಗಳ ಹಿಂದೆ ನಮ್ಮ ತಪ್ಪೂ ಇರುತ್ತದೆ. 2022ರ ಜುಲೈ 8ರಂದು ಜಪಾನಿನ ನಾರಾದಲ್ಲಿ ಅಲ್ಲಿಯ ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ಯಾಮಾಗಾಮಿ ಎಂಬವನು ತಾನೇ ತಯಾರಿಸಿದ ಬಂದೂಕಿನಿಂದ ಕೊಂದ. ಅವನ ತಾಯಿ ಒಂದು ಚರ್ಚಿಗೆ ಸುಮಾರು ಹತ್ತು ಕೋಟಿ ಯೆನ್ ಕೊಟ್ಟು ಮನೆ ದಿವಾಳಿಯಾಗಿತ್ತು. ಅಬೆಗೆ ಆ ಚರ್ಚಿನ ನಂಟಿದೆ ಎಂದು ಅವನು ನಂಬಿದ್ದ. ಕೊಲೆ ಕೊಲೆಯೇ. ಆದರೆ ಅವನ ಬದುಕನ್ನು ಬಗೆದು ನೋಡಿದ್ದರಿಂದಲೇ ಅದೇ ವರ್ಷ ಡಿಸೆಂಬರ್‌ನಲ್ಲಿ, ಹಾಗೆ ದೇಣಿಗೆ ಕೀಳುವುದರ ವಿರುದ್ಧ ಅಲ್ಲಿ ಕಾನೂನು ಬಂತು.

ಕೊಂದವನ ಬಗ್ಗೆ ಮರುಕ ಹುಟ್ಟಿದರೆ ಏನು ಮಾಡ್ತೀರಿ ಮೇಷ್ಟ್ರೇ ಅಂತ ನನ್ನ ಶಿಷ್ಯೆ ಕೇಳಿದಳು. ನೋಡಮ್ಮ, ಆ ಭಯ ನನಗೂ ಇದೆ. ಆದರೆ 2008ರಲ್ಲಿ ವೆಲ್ಲೂರು ಜೈಲಿಗೆ ಹೋಗಿ, ರಾಜೀವ್ ಹತ್ಯೆಯಲ್ಲಿ ಶಿಕ್ಷೆಯಾಗಿದ್ದ ನಳಿನಿಯ ಎದುರು ಕೂತವಳು ರಾಜೀವ್ ಗಾಂಧಿಯ ಮಗಳು. ಅಪ್ಪನನ್ನು ಕಳೆದುಕೊಂಡವಳಿಗೇ ಆ ಮುಖ ನೋಡಬೇಕು ಅನ್ನಿಸಿದ್ದರೆ, ನಮ್ಮ ಮಕ್ಕಳಿಗೆ ನೋಡಬೇಡಿ ಎನ್ನಲು ನಾವು ಯಾರು? ನಾವು ಹೇಳದಿದ್ದರೂ ಅವರ ಫೋನಿಗೆ ಬೇರೆಯವರು ಹೇಳುತ್ತಾರೆ. ಅಲ್ಲಿ ಹೂವಿನ ಹಾರ ಹಾಕಿಸಿಕೊಂಡು ಬರುತ್ತಾನೆ ಅವನು. ನನ್ನ ತರಗತಿಗೆ ಬಂದರೆ ಕೈಯಲ್ಲಿ ವಿಮೆ ಕಾಗದ, ರೈಲು ಟಿಕೆಟ್ಟು ಹಿಡಿದು ಬರುತ್ತಾನೆ. ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ ಕೊಡದೆ ಸೈಕಲ್ ತುಳಿದುಕೊಂಡು ಮನೆಗೆ ಹೋದ ಆ ಸಂಜೆ ನನಗೆ ಇನ್ನೂ ನೆನಪಿದೆ. ನೀನು ಅಂಥ ಸಂಜೆ ಕಾಣಬೇಡ ಎಂದೇ ಇಷ್ಟು ಬರೆದೆ.

ವಿರೋಧ: "ಪಾಪ ಅಲ್ವಾ ಮಿಸ್?"

ಮೇಷ್ಟ್ರೇ, ನಾನು ನಿಮ್ಮ ಮಾತು ಕೇಳಿಯೇ ಕೆಟ್ಟೆ. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನಲ್ಲಿ ನೀವು ಹೇಳುವ ಹಾಗೇ ಮಾಡಿದೆ. ಬಾರಾಮತಿ ಹೇಳಿದೆ. ಸತ್ತ ಅಣ್ಣಂದಿರು, ಮೂಗಿನ ನತ್ತು, ಫೇಲಾದ ಮೆಟ್ರಿಕ್, ಹೊಲಿಗೆ ಮೆಷಿನ್ ಎಲ್ಲ ಹೇಳಿದೆ. ಕ್ಲಾಸು ಅಷ್ಟು ನಿಶ್ಶಬ್ದವಾಗಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಮೂರನೇ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು. "ಪಾಪ ಅಲ್ವಾ ಮಿಸ್?"

ಆಮೇಲೆ ಪಿಸ್ತೂಲು, ಗ್ವಾಲಿಯರ್, ಆಪ್ಟೆ ಎಲ್ಲ ಹೇಳಿದೆ. ಅದು ಅವರ ಕಿವಿಗೆ ಹೋಯಿತು, ಮನಸ್ಸಿಗೆ ಹೋಗಲಿಲ್ಲ. ಮನಸ್ಸು ಆಗಲೇ ಆ ಪುಟ್ಟ ನತ್ತಿನ ಹುಡುಗನ ಜತೆ ಹೊರಟುಹೋಗಿತ್ತು. ನೀವು ಅರ್ಧ ಓದಿದವರಿಗೆ ನತ್ತು, ಪೂರ್ತಿ ಓದಿದವರಿಗೆ ಪಿಸ್ತೂಲು ಅಂತೀರಿ. ಹದಿನಾಲ್ಕು ವರ್ಷದ ಮಕ್ಕಳು ಪೂರ್ತಿ ಓದುವುದಿಲ್ಲ ಮೇಷ್ಟ್ರೇ. ದೊಡ್ಡವರೂ ಓದುವುದಿಲ್ಲ.

ದೊಡ್ಡವರದ್ದೇ ಹೇಳುತ್ತೇನೆ. ಶಿಮ್ಲಾದಲ್ಲಿ ಈ ಕೇಸಿನ ಮೇಲ್ಮನವಿ ಕೇಳಿದ ಮೂವರು ನ್ಯಾಯಾಧೀಶರಲ್ಲಿ ಜಿ.ಡಿ. ಖೋಸ್ಲಾ ಒಬ್ಬರು. ಗೋಡ್ಸೆ ಎದ್ದು ನಿಂತು ತನ್ನ ಕಥೆ ತಾನೇ ಹೇಳಿಕೊಂಡ. ಕೋರ್ಟಿನಲ್ಲಿ ಕೂತಿದ್ದವರು ಕಣ್ಣೀರಿಟ್ಟರು. ಅಂದು ಅಲ್ಲಿದ್ದ ಜನರನ್ನೇ ತೀರ್ಪು ಕೊಡಲು ಕೂರಿಸಿದ್ದರೆ ಬಹುಮತದಿಂದ ಬಿಟ್ಟುಬಿಡುತ್ತಿದ್ದರು ಎಂದು ಖೋಸ್ಲಾ ಆಮೇಲೆ ಬರೆದರು. ಗಾಂಧಿ ಸತ್ತು ಎರಡು ವರ್ಷವೂ ಆಗಿರಲಿಲ್ಲ. ಓದಿದ, ತಿಳಿದ ಜನ ಅವರು. ಒಂದು ಬದುಕನ್ನು ಮೊದಲಿನಿಂದ ಹೇಳಲು ಶುರುಮಾಡಿದರೆ ಸಾಕು, ಕೇಳುವವರು ಆ ಬದುಕಿನ ಪಕ್ಕ ಹೋಗಿ ಕೂರುತ್ತಾರೆ. ಇದು ಗೋಡ್ಸೆಯ ಮಹಿಮೆ ಅಲ್ಲ. ಕಥೆಯ ಗುಣವೇ ಹಾಗೆ. ನಾನು ಕನ್ನಡ ಮೇಷ್ಟ್ರಿಣಿ, ದಿನಾ ಕಥೆ ಹೇಳಿ ಬದುಕುವವಳು. ನನಗೆ ಅದು ಚೆನ್ನಾಗಿ ಗೊತ್ತು.

ಆ ದಿನ ಮನೆಗೆ ಹೋಗುವ ಮೊದಲು ಅದೇ ಮಕ್ಕಳಿಗೆ ಒಂದಿಷ್ಟು ಪ್ರಶ್ನೆ ಕೇಳಿದೆ. ಜನವರಿ 13ರಿಂದ 18ರವರೆಗೆ ಗಾಂಧಿ ಏನು ಮಾಡುತ್ತಿದ್ದರು? ಒಬ್ಬರಿಗೂ ಗೊತ್ತಿಲ್ಲ. ಉಪವಾಸ ಕೂತಿದ್ದರು, 78ನೇ ವಯಸ್ಸಿನಲ್ಲಿ, ದಿಲ್ಲಿಯ ಮುಸ್ಲಿಮರು ತಮ್ಮ ಮನೆಗಳಲ್ಲಿ ಭಯವಿಲ್ಲದೆ ಇರಬೇಕು ಎಂದು. ಎಲ್ಲ ಪಂಗಡದ ಮುಖಂಡರು ಬಂದು ಮಾತು ಕೊಟ್ಟ ಮೇಲೆ ಬಿಟ್ಟರು. ಹನ್ನೆರಡು ದಿನದ ನಂತರ ಗುಂಡು ಬಿತ್ತು. ಅವರ ಅಕ್ಕಪಕ್ಕ ಇದ್ದ ಇಬ್ಬರು ಹುಡುಗಿಯರು ಯಾರು? ಗೊತ್ತಿಲ್ಲ. ಮನು ಮತ್ತು ಆಭಾ. ಮನು ಅಡ್ಡ ಬಂದಾಗ ಅವಳನ್ನು ತಳ್ಳಿ ಗುಂಡು ಹಾರಿಸಿದ. ಅವಳ ಕೈಯಲ್ಲಿದ್ದ ಜಪಮಾಲೆ, ಪುಸ್ತಕ ಎಲ್ಲ ಕೆಳಗೆ ಬಿತ್ತು. ಓಡಿಬಂದು ಅವನನ್ನು ಹಿಡಿದವರಲ್ಲಿ ಒಬ್ಬರು ಆ ಮನೆಯ ತೋಟದ ಮಾಲಿ, ಒಡಿಶಾದ ರಘು ನಾಯಕ್. ಯಾವ ಮಗುವಿಗೂ ಗೊತ್ತಿಲ್ಲ. ನನಗೂ ತುಂಬಾ ವರ್ಷ ಗೊತ್ತಿರಲಿಲ್ಲ. ಕೊಂದವನ ಅಪ್ಪನ ಕೆಲಸ ಯಾವ ಇಲಾಖೆಯಲ್ಲಿ ಎಂದು ಗೊತ್ತಿದೆ, ಕೊಲೆಗಾರನಿಗೆ ಅಡ್ಡ ಹೋದ ಹುಡುಗಿಯ ಹೆಸರು ಗೊತ್ತಿಲ್ಲ. ನನಗೆ ನಾಚಿಕೆಯಾಯಿತು.

ಒಂದು ಪೀರಿಯಡ್ ಅಂದರೆ ನಲವತ್ತು ನಿಮಿಷ. ನೀವೂ ನಾನೂ ಆ ನಲವತ್ತು ನಿಮಿಷವನ್ನು ಯಾರಿಗೆ ಕೊಡುತ್ತೇವೆ ಎನ್ನುವುದೇ ನನ್ನ ತಕರಾರು.

ನಿಮ್ಮ 83 ಜನರ ಅಧ್ಯಯನಕ್ಕೇ ಬರುತ್ತೇನೆ. ಅದನ್ನು ನೀವು ಹೇಳಿದಾಗ ನನಗೂ ತುಂಬಾ ಹಿಡಿಸಿತು. ಆದರೆ ಹಂತಕನಿಗೆ ಒಂದು ಮುಖ ಇಲ್ಲ ಅಂತ ಅದೇ ಹೇಳುತ್ತದಲ್ಲಾ? ಹಾಗಿದ್ದ ಮೇಲೆ ಒಬ್ಬನ ಬಾಲ್ಯ ತೋರಿಸಿ ನಾವು ಮಕ್ಕಳಿಗೆ ಏನು ಕಲಿಸಿದ ಹಾಗಾಯಿತು? 1914ರಲ್ಲಿ ಸರಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಆರ್ಚ್‌ಡ್ಯೂಕನನ್ನು ಕೊಂದ ಪ್ರಿನ್ಸಿಪ್ 19ರ ಹುಡುಗ. ಅದಕ್ಕೆ ಮೊದಲು ಹೋರಾಟದ ಗುಂಪಿಗೆ ಸೇರಲು ಹೋಗಿ, ನೀನು ತೀರಾ ಪುಟ್ಟವನು ಅನ್ನಿಸಿಕೊಂಡು ವಾಪಸ್ ಬಂದಿದ್ದ. ಅಯ್ಯೋ ಅನ್ನಿಸುತ್ತೆ ಅಲ್ವಾ? ಸೈನ್ಯಕ್ಕೆ ಸೇರಲು ಹೋಗಿ ಎತ್ತರ ಸಾಲದೆ ವಾಪಸ್ ಬಂದ ಹುಡುಗರು ನಮ್ಮ ಮಂಡ್ಯ ಜಿಲ್ಲೆಯಲ್ಲಿ ಎಷ್ಟಿಲ್ಲ? ನಿಮ್ಮ ತಿಪ್ಪಯ್ಯಂದಿರ ಮಾತನ್ನೇ ನಾನು ಇಲ್ಲಿ ತಿರುಗಿಸಿ ಕೇಳುತ್ತಿದ್ದೇನೆ.

ಕೊಂದವರ ಕಥೆ ಕೇಳಿ ಕೊಲ್ಲಲು ಹೊರಟವರೂ ಇದ್ದಾರೆ. ಲಿಂಕನ್‌ನನ್ನು ಕೊಂದ ಜಾನ್ ವಿಲ್ಕ್ಸ್ ಬೂತ್ ರಂಗನಟ. ಅಪ್ಪನ ಹೆಸರಿನಲ್ಲೇ ಬ್ರೂಟಸ್ ಇತ್ತು, ರೋಮಿನ ಸೀಸರ್‌ನನ್ನು ಕೊಂದವನ ಹೆಸರು. ಕೊಲೆಗೆ ಐದು ತಿಂಗಳ ಮೊದಲು ಅಣ್ಣತಮ್ಮಂದಿರು ಮೂವರೂ ಸೀಸರ್ ಕೊಲೆಯ ನಾಟಕ ಆಡಿದ್ದರು. 1865ರ ಏಪ್ರಿಲ್‌ನಲ್ಲಿ ಲಿಂಕನ್‌ಗೆ ಗುಂಡು ಹೊಡೆದು ಪೊದೆಗಳಲ್ಲಿ ಅಡಗಿದ್ದಾಗ ಅವನು ದಿನಚರಿಯಲ್ಲಿ ಬರೆದದ್ದೇನು? ಬ್ರೂಟಸ್‌ಗೆ ಯಾವುದಕ್ಕಾಗಿ ಗೌರವ ಸಿಕ್ಕಿತೋ ಅದನ್ನೇ ಮಾಡಿದ್ದಕ್ಕೆ ನನ್ನನ್ನು ನಾಯಿಯಂತೆ ಅಟ್ಟುತ್ತಿದ್ದಾರಲ್ಲ ಎಂದು. 1972ರಲ್ಲಿ ಅಮೆರಿಕದ ರಾಜಕಾರಣಿ ಜಾರ್ಜ್ ವಾಲೇಸ್ ಮೇಲೆ ಗುಂಡು ಹಾರಿಸಿದ ಬ್ರೆಮರ್ ಮೊದಲು ಹಿಂಬಾಲಿಸಿದ್ದು ಅಧ್ಯಕ್ಷ ನಿಕ್ಸನ್‌ನನ್ನು. ಅಲ್ಲಿ ಆಗಲಿಲ್ಲ, ಗುರಿ ಬದಲಾಯಿಸಿದ. ಯಾರು ಸಾಯುತ್ತಾರೆ ಎನ್ನುವುದು ಅವನಿಗೆ ದೊಡ್ಡದಾಗಿರಲಿಲ್ಲ. ತನ್ನ ಹೆಸರು ಉಳಿಯಬೇಕಿತ್ತು. ಅಂಥವನ ಬದುಕನ್ನು ನಾವು ಓದುವುದು ಅಂದರೆ ಅವನು ಕೇಳಿದ್ದನ್ನೇ ಕೊಟ್ಟ ಹಾಗೆ.

ನಮ್ಮ ಕಡೆಯದೇ ಒಂದು ಹೇಳಲಾ? 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಒಂದು ಸ್ವಾಗತ ಕಮಾನು ನಿಂತಿತು. ಮೇಲೆ ಉರಿಗೌಡ, ನಂಜೇಗೌಡ ಎಂದು ಎರಡು ಹೆಸರು. ಟಿಪ್ಪುವನ್ನು ಕೊಂದವರು ಇವರೇ ಎಂದು ಒಂದು ಮಾತು ಹಬ್ಬಿತ್ತು. ಅದಕ್ಕೆ ದಾಖಲೆ ಇಲ್ಲ ಎಂದು ಇತಿಹಾಸಕಾರರು ಹೇಳಿದರು. ಟೀಕೆ ಬಂದ ಮೇಲೆ ಕಮಾನಿನ ಹೆಸರು ಬದಲಾಯಿತು. ಸಿನಿಮಾ ಮಾಡುತ್ತೇವೆ ಎಂದವರು ಆದಿಚುಂಚನಗಿರಿ ಸ್ವಾಮೀಜಿ ಕರೆದು ಹೇಳಿದ ಮೇಲೆ ಕೈಬಿಟ್ಟರು. ಆ ಹದಿನೈದು ದಿನ ನನ್ನ ತವರಿನಲ್ಲಿ ಎಲ್ಲೆಲ್ಲೂ ಇದೇ ಮಾತು. ನಮ್ಮ ಚಿಕ್ಕಪ್ಪನ ಮೊಮ್ಮಗ ಆ ಎರಡು ಹೆಸರಿನ ಸ್ಟೇಟಸ್ ಹಾಕಿಕೊಂಡಿದ್ದ. ದಾಖಲೆಯೇ ಇಲ್ಲದ ಇಬ್ಬರು ಹಂತಕರಿಗೆ ಕಮಾನು ಕಟ್ಟುವ ನೆಲದಲ್ಲಿ, ದಾಖಲೆ ಇರುವ ಹಂತಕನ ಬದುಕನ್ನು ಮಕ್ಕಳ ಕೈಗೆ ಕೊಡಲು ನನಗೆ ಧೈರ್ಯ ಸಾಲದು.

ಜಪಾನಿನ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು. ಯಾಮಾಗಾಮಿಯ ಕಥೆ ಹೊರಬಂದ ಮೇಲೆ ಜೈಲಿಗೆ ದುಡ್ಡು, ಉಡುಗೊರೆ ಕಳಿಸಿದವರಿದ್ದಾರೆ. ಕಾನೂನು ಬಂತು ಅಂತೀರಿ. ನಿಜ. ಆದರೆ ಆ ಚರ್ಚಿನಿಂದ ಮನೆ ಹಾಳಾದವರ ಪರ ಅಲ್ಲಿಯ ವಕೀಲರು 1987ರಿಂದಲೇ ಒಂದು ಜಾಲ ಕಟ್ಟಿಕೊಂಡು ಹೋರಾಡುತ್ತಿದ್ದರು. ಮೂವತ್ತೈದು ವರ್ಷ! ಕಾಗದ ಹಿಡಿದು, ಕೋರ್ಟು ಹತ್ತಿ, ಯಾರಿಗೂ ಒಂದು ಏಟು ಹಾಕದೆ. ಆಗ ಬರದ ಕಾನೂನು ಗುಂಡು ಹಾರಿದ ಐದು ತಿಂಗಳಿಗೆ ಬಂತು. ಇದನ್ನು ನಾನು ಹದಿನಾಲ್ಕರ ಹುಡುಗನಿಗೆ ಹಂತಕನ ಬದುಕಿನ ಮೂಲಕ ಹೇಳಿದರೆ ಅವನು ಏನು ಕಲಿಯುತ್ತಾನೆ? ನಾನು ಆ ವಕೀಲರ ಬದುಕು ಹೇಳುತ್ತೇನೆ. ಅದರಲ್ಲೂ ಸಿಟ್ಟಿದೆ. ಅನ್ಯಾಯ ಇದೆ. ಮಕ್ಕಳಿಗೆ ಬೇಕಾದದ್ದೆಲ್ಲ ಇದೆ.

ಶ್ರೀಪೆರಂಬುದೂರಿನದೂ ಹಾಗೇ. ಮೈಗೆ ಬಾಂಬ್ ಕಟ್ಟಿಕೊಂಡಿದ್ದ ಧನು ರಾಜೀವ್‌ಗೆ ಹಾರ ಹಾಕಲು ಬಂದಾಗ ತಡೆಯಲು ಹೋದ ಮಹಿಳಾ ಪೊಲೀಸ್ ಒಬ್ಬರಿದ್ದರು. ಗಾಯಗೊಂಡು ಬದುಕಿದರು. ರಾಜೀವ್ ಜತೆ ಸತ್ತವರು ಹತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ಒಬ್ಬರ ಹೆಸರನ್ನಾದರೂ ನೀವು ತರಗತಿಯಲ್ಲಿ ಹೇಳಿದ್ದು ನನಗೆ ನೆನಪಿಲ್ಲ ಮೇಷ್ಟ್ರೇ. ಶಿವರಾಸನ್ ಒಂದು ಕಣ್ಣಿನವನು ಎನ್ನುವುದು ಮಾತ್ರ ಇವತ್ತಿಗೂ ನೆನಪಿದೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. ವಚನಗಳ ಮೇಲೆ, ಶಾಸನಗಳ ಮೇಲೆ ಜೀವಮಾನ ಸವೆಸಿದ ವಿದ್ವಾಂಸರು. ಎರಡು ವರ್ಷಕ್ಕೆ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಟೀವಿಯಲ್ಲಿ ದಿನಗಟ್ಟಲೆ ಬಂದದ್ದು ಬೈಕು, ಹೆಲ್ಮೆಟ್ಟು, ಗುಂಡಿನ ಅಳತೆ. ಕಲಬುರ್ಗಿಯವರು ಏನು ಬರೆದಿದ್ದರು ಎಂದು ನನ್ನ ಜತೆಯ ಟೀಚರುಗಳಲ್ಲೇ ಎಷ್ಟು ಜನ ಹೇಳಬಲ್ಲರು? ನಮ್ಮ ಮೈಸೂರಿನಲ್ಲೇ ಒಬ್ಬ ಲೇಖಕರ ಮನೆ ಮುಂದೆ ಪೊಲೀಸ್ ಕಾವಲು ಇದೆ. ಅವರು ಬರೆದದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅವರು ಬೆಳಿಗ್ಗೆ ವಾಕ್ ಹೋಗುವಾಗ ಜತೆಗೆ ಬಂದೂಕಿನವನು ನಡೆಯಬೇಕಲ್ಲಾ ಎಂದು ನೆನೆದರೆ ಹೊಟ್ಟೆ ಕಿವುಚುತ್ತದೆ. ಮಕ್ಕಳಿಗೆ ತಿಳಿಯಬೇಕಾದ್ದು ಆ ಭಯ. ಗುಂಡು ಹಾರಿಸಲು ಹೊರಡುವವನ ಮನಸ್ಸಿಗಿಂತ, ಗುಂಡು ಬರಬಹುದು ಎಂದು ಗೊತ್ತಿದ್ದೂ ಬರೆಯಲು ಕೂರುವವರ ಮನಸ್ಸು.

ಈಗ ನಿಮ್ಮ ಪ್ರೊಫೆಸರ್ ಜೈನ್ ವಿಷಯ. ನಿಮ್ಮ ಬರಹದಲ್ಲಿ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೊಂದೇ ಜಾಗದಲ್ಲಿ. ಮೂರು ಸಲ ಓದಿದೆ. ಆಮೇಲೆ ಹೊಳೆಯಿತು. ಮೇಷ್ಟ್ರೇ, ಅದು ಹಂತಕನ ಕಥೆ ಅಲ್ಲವೇ ಅಲ್ಲ. ಅದು ಕೇಳಿಸಿಕೊಂಡವರ ಕಥೆ. ಒಬ್ಬ ಮೇಷ್ಟ್ರ ಕಥೆ! ನಿರಾಶ್ರಿತ ಹುಡುಗನಿಗೆ ಕೆಲಸ ಕೊಟ್ಟ, ಅವನ ಮಾತನ್ನು ಆವೇಶ ಎಂದು ತಳ್ಳಿಹಾಕಿದ, ತಡವಾಗಿ ಓಡಿದ, ದೊಡ್ಡವರ ಬಾಗಿಲು ತಟ್ಟಿದ ಒಬ್ಬ ಮೇಷ್ಟ್ರು. ಗೋಡ್ಸೆ ಹುಟ್ಟಿದ ಊರು, ನತ್ತು, ಹೊಲಿಗೆ ಮೆಷಿನ್ ಒಂದೂ ಹೇಳದೆ ಅದನ್ನು ಪೂರ್ತಿ ಹೇಳಬಹುದು. ಹಿಂದಿನ ಬೆಂಚಿನ ಹುಡುಗ ಪಿಸ್ತೂಲು ಕೊಟ್ಟವರು ಯಾರು ಅಂತ ಕೇಳಿದನೇ ಹೊರತು, ಹುಚ್ಚನ ಬಾಲ್ಯ ಹೇಗಿತ್ತು ಅಂತ ಕೇಳಲಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡೋಣ. ಕೇಳದ ಪ್ರಶ್ನೆಗೆ ಬೇಡ.

ಫೆಬ್ರವರಿ 12ಕ್ಕೆ ನನ್ನ ಕ್ಲಾಸಿನ ಮಕ್ಕಳನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಕರೆದುಕೊಂಡು ಹೋಗುತ್ತಿದ್ದೇನೆ. 1948ರಲ್ಲಿ ಗಾಂಧಿಯ ಚಿತಾಭಸ್ಮ ಬಿಟ್ಟ ಜಾಗ. ಆ ದಿನ ಸರ್ವೋದಯ ಮೇಳ ಇರುತ್ತದೆ. ನೀವು ಮಂಡ್ಯದಿಂದ ಬೆಳಗಿನ ರೈಲು ಹತ್ತಿದರೆ ಸಾಕು, ನಾವು ಸ್ಟೇಷನ್ನಿಗೇ ಬರುತ್ತೇವೆ. ನದಿ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸುತ್ತೇನೆ. ಜೈನ್ ಅವರ ಒಂಬತ್ತು ದಿನದ ಕಥೆ ನೀವೇ ಹೇಳಿ. ಮನು, ಆಭಾ, ರಘು ನಾಯಕ್ ಬಗ್ಗೆ ನಾನು ಹೇಳುತ್ತೇನೆ. ನತ್ತಿನ ಕಥೆ ಮಾತ್ರ ದಯವಿಟ್ಟು ಬೇಡ ಮೇಷ್ಟ್ರೇ, ಆ ಮೂರನೇ ಬೆಂಚಿನ ಹುಡುಗಿಯ ತಂಗಿ ಈಗ ನನ್ನ ಕ್ಲಾಸಿನಲ್ಲಿದ್ದಾಳೆ.